ಸಹಾಯ ಬೇಕು: ಬ್ರೀದರ್ ಪೈಪಿನಿಂದ ಆಯಿಲ್ ಬರುತ್ತಿದೆ

ನನ್ನದು 350 ಸಿಸಿ ಬೈಕು, 48,000 ಕಿ.ಮೀ. ಓಡಿದೆ. ಅಪ್ಪ ಓಡಿಸಿದ ಗಾಡಿ, ಮಾರುವ ಮನಸ್ಸಿಲ್ಲ. ಹೋದ ವಾರ ಶಿರಾಡಿ ಘಾಟ್ ಹತ್ತಿ ಸಕಲೇಶಪುರದಲ್ಲಿ ನಿಲ್ಲಿಸಿದಾಗ ಏರ್ ಫಿಲ್ಟರ್ ಬಾಕ್ಸ್ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಬಿಚ್ಚಿದರೆ ಫಿಲ್ಟರ್ ಪೂರ್ತಿ ನೆನೆದಿದೆ. ಬ್ರೀದರ್ ಪೈಪಿನಲ್ಲೂ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪು) ಆಯಿಲ್.

ಸೈಡ್ ಸ್ಟ್ಯಾಂಡ್‌ನಲ್ಲಿ ಆಯಿಲ್ ಲೆವೆಲ್ ಸರಿಯಾಗಿ ಗೊತ್ತಾಗಲ್ಲ ಅಲ್ವಾ, ಅದಕ್ಕೆ ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿದೆ. ಜಾಸ್ತಿ ಏನಿಲ್ಲ. ಪೈಪೂ ಕಟ್ಟಿಕೊಂಡಿಲ್ಲ. ಆದರೆ ರೇಸ್ ಮಾಡಿದರೆ ತೆಳು ನೀಲಿ ಹೊಗೆ ಬರುತ್ತದೆ.

ಮೆಕ್ಯಾನಿಕ್ ಏನೂ ಅಳೆಯದೆ ಬೋರ್ ಮಾಡಿಸಿ (ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಿ) ಅಂದರು. ಸುಮ್ನೆ ಎಂಜಿನ್ ಬಿಚ್ಚಿಸಲು ನನಗೆ ಇಷ್ಟವಿಲ್ಲ. ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಗೇಜ್ ಹಾಕಿ ನೋಡಬೇಕು. ಪ್ಲಗ್ ತೂತಿಗೆ ಸ್ವಲ್ಪ ಆಯಿಲ್ ಬಿಟ್ಟಾಗ ರೀಡಿಂಗ್ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು ಎಂದು ತಿಳಿದಿದ್ದೇನೆ. ಸರಿನಾ? ಹಾಸನದ ಸುತ್ತಮುತ್ತ ಕಂಪ್ರೆಷನ್ ಗೇಜ್ ಇರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.