ಮಕ್ಕಳ ಜೊತೆ ಪೇಪರ್ ಮ್ಯಾಶೆ: ಮೈದಾ ಅಂಟೋ, ಬಿಳಿ ಗಮ್ಮೋ?

ತೀರ್ಥಹಳ್ಳಿ ಅಮ್ಮ: ಮಳೆ ರಜೆ, ಮಕ್ಕಳು ಮನೆಯಲ್ಲೇ ಇದ್ದಾರೆ. ಮಗಳಿಗೆ 6, ಮಗನಿಗೆ 9. ಬಲೂನ್ ಮೇಲೆ ಪೇಪರ್ ಅಂಟಿಸಿ ಹುಲಿ ಮುಖವಾಡ ಮಾಡಬೇಕಂತೆ. ಹೋದ ವರ್ಷ ಮೈದಾ ಅಂಟಿನಲ್ಲಿ ಮಾಡಿದ್ದು ಒಣಗುವ ಮೊದಲೇ ಬೂಸ್ಟು ಹಿಡಿಯಿತು. ನೀವೆಲ್ಲ ಏನು ಹಾಕುತ್ತೀರಿ? ಈ ಮಳೆಯಲ್ಲಿ ಒಣಗಿಸುವುದು ಹೇಗೆ?

ಬೆಂಗಳೂರು ಅಪ್ಪ: ಮೈದಾ ಬಿಟ್ಟುಬಿಡಿ ಮೇಡಂ. ನಾವು ಬಿಳಿ ಗಮ್ಮಿನಲ್ಲೇ ಡೈನೋಸಾರ್ ಮಾಡಿದೆವು. ಗಮ್ 300, ಅಕ್ರಿಲಿಕ್ ಬಣ್ಣ 240, ವಾರ್ನಿಷ್ 180, ಬ್ರಷ್ 120. ಮಗ ಬ್ರಷ್ಷನ್ನು ಗಮ್ಮಿನಲ್ಲೇ ಬಿಟ್ಟ, ಕಲ್ಲಾಯಿತು. ಮತ್ತೆ 120. ಬಾಲ ಮುರಿದು ಮುರಿದು ಬಿತ್ತು, ಒಳಗೆ ತಂತಿ ಕೊಟ್ಟ ಮೇಲೆ ನಿಂತಿತು. ಈಗ ಟಿವಿ ಪಕ್ಕ ಗಟ್ಟಿಮುಟ್ಟಾಗಿದೆ. ಜಿರಲೆ ಕೂಡ ಮೂಸಿಲ್ಲ.

ಹಾಸನದ ಅಜ್ಜಿ: 960 ರೂಪಾಯಿಗೆ ಡೈನೋಸಾರಾ! ಅಂಗಡಿಯಲ್ಲೇ ಸಿಗುತ್ತಿತ್ತಲ್ಲಪ್ಪ. ನಾವು ಹಳೇ ಪೇಪರ್ ನೆನೆಹಾಕಿ, ನೆನೆದ ಮೆಂತ್ಯ ಒಂದು ಹಿಡಿ ಸೇರಿಸಿ, ಒರಳಲ್ಲಿ ರುಬ್ಬುತ್ತಿದ್ದೆವು. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಉಂಡೆ ಕಟ್ಟಿದರೆ ಬಿರಿಯಬಾರದು. ಪಾತ್ರೆ ಬೋರಲು ಹಾಕಿ, ಒದ್ದೆ ಬಟ್ಟೆ ಹೊದಿಸಿ, ಅದರ ಮೇಲೆ ತಟ್ಟಬೇಕು. ಮೆಂತ್ಯದ ಕಹಿಗೆ ಹುಳ ಹತ್ತಿರ ಬರುವುದಿಲ್ಲ. ನಮ್ಮತ್ತೆ ಮಾಡಿದ ಬುಟ್ಟಿಯಲ್ಲಿ ಈಗಲೂ ಒಣಮೆಣಸಿನಕಾಯಿ ಇಡುತ್ತೇನೆ.

ಹುಬ್ಬಳ್ಳಿ ಅಕ್ಕ: ಅಜ್ಜಿ, ನ್ಯೂಸ್‌ಪೇಪರಿನಲ್ಲಿ ತಿಂಡಿ ಕಟ್ಟಬೇಡಿ ಅಂತ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಹೇಳಿ ಎಷ್ಟೋ ವರ್ಷ ಆಯಿತು. ಇಂಕ್ ಇರುತ್ತೆ.

ಹಾಸನದ ಅಜ್ಜಿ: ನನಗೆ 74. ಆ ಮೆಣಸಿನಕಾಯಿ ಸಾರೇ ಉಂಡು ಬದುಕಿದ್ದೇನೆ.

ಬೆಂಗಳೂರು ಅಪ್ಪ: ಅಂಗಡಿಯದ್ದು ತರುವುದಾದರೆ ಮಗನ ಜೊತೆ ಕೂತು ಮಾಡುವುದೇಕೆ? ಎಲ್ಲರ ಮನೆಯಲ್ಲೂ ಒರಳು ಇರುವುದಿಲ್ಲ.

ಕೊಪ್ಪಳದವ: ಇಬ್ಬರೂ ಸುಮ್ನೆ ಜಗಳ ಆಡುತ್ತಿದ್ದೀರಿ. ನಮ್ಮ ಕಿನ್ನಾಳದ ಮರದ ಗೊಂಬೆಗೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ಜಿಐ ಟ್ಯಾಗ್, ಅಂದರೆ ಊರಿನ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕ ಕಲೆ ಅದು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಬೇಕು. ನಾನು ಮನೆಯಲ್ಲಿ ರುಬ್ಬಲು ಹೋಗಿ ಮಿಕ್ಸಿ ಜಾರ್ ಬ್ಲೇಡ್ ಹೋಯಿತು, ರಿಪೇರಿಗೆ 350. ಆದರೂ ಆ ಹಿಡಿತ ಯಾವ ಗಮ್ಮಿಗೂ ಇಲ್ಲ.

ಬೈಂಡಿಂಗ್ ಮನೆಯವ: ಮೈದಾನೇ ಬೆಸ್ಟ್. ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿ. ನಮ್ಮಪ್ಪ ಪುಸ್ತಕ ಬೈಂಡ್ ಮಾಡುತ್ತಿದ್ದುದೇ ಹಾಗೆ. ಬೂಸ್ಟೂ ಇಲ್ಲ, ಹುಳವೂ ಇಲ್ಲ.

ಹುಬ್ಬಳ್ಳಿ ಅಕ್ಕ: ತಲೆ ಸರಿ ಇದೆಯಾ? ಅದು ವಿಷ! 6 ವರ್ಷದ ಮಗು ಅದೇ ಕೈ ಬಾಯಿಗೆ ಇಡುತ್ತೆ.

ಬೈಂಡಿಂಗ್ ಮನೆಯವ: ನಾನು ಆ ಅಂಟಿನಲ್ಲೇ ಆಡಿ ಬೆಳೆದವನು.

ಹುಬ್ಬಳ್ಳಿ ಅಕ್ಕ: ಅದು ಗೊತ್ತಾಗುತ್ತಿದೆ.

ಸಾಗರದ ಮಾವ: ಮೈಲುತುತ್ತ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ ಹಾಕುವುದು, ಮಕ್ಕಳ ಆಟಕ್ಕಲ್ಲ. ಇನ್ನು ಒಣಗಿಸುವ ವಿಷಯ. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ತೂಗುಹಾಕಿ. ಒಂದೇ ದಿನ ನಾಲ್ಕು ಪದರ ಮೆತ್ತಿದರೆ ಮೇಲೆ ಗರಿಗರಿ, ಒಳಗೆ ಹಸಿ. ಬೂಸ್ಟು ಶುರುವಾಗುವುದೇ ಅಲ್ಲಿ. ಬಲೂನ್ ಮಾತ್ರ ಒಲೆ ಹತ್ತಿರ ಒಯ್ಯಬೇಡಿ, ಒಡೆಯುತ್ತೆ. ಬೋರಲು ಹಾಕಿದ ಬಟ್ಟಲ ಮೇಲೆ ಮಾಡಿ.

ತೀರ್ಥಹಳ್ಳಿ ಅಮ್ಮ: ಥ್ಯಾಂಕ್ಸ್ ಮಾವ. ನಮ್ಮಲ್ಲಿ ಗ್ಯಾಸ್ ಗೀಸರ್. ಬಚ್ಚಲ ಒಲೆ ತೆಗೆಸಿಬಿಟ್ಟಿದ್ದೇವೆ.

ಸಾಗರದ ಮಾವ: ಅಯ್ಯೋ, ತೆಗೆಸಬಾರದಿತ್ತು. ನಮ್ಮ ಮನೆಯಲ್ಲೂ ಅದೇ ಗಲಾಟೆ ನಡೀತಿದೆ.

ಕೊಪ್ಪಳದವ: ಗೀಸರ್ ಬಿಲ್ ಎಷ್ಟು ಬರುತ್ತೆ ನಿಮಗೆ?

ಬೈಂಡಿಂಗ್ ಮನೆಯವ: ಬಿಲ್ ಇರಲಿ. ಮಾವ, ಮೈಲುತುತ್ತ ಈಗ ಕೆಜಿಗೆ ಎಷ್ಟಾಗಿದೆ?