ಕಾರಟಗಿಯಲ್ಲಿದ್ದುಕೊಂಡೇ ಅಂತರರಾಷ್ಟ್ರೀಯ ವ್ಯಾಪಾರದ ಆನ್‌ಲೈನ್ ಪದವಿ ಓದಬಹುದೇ?

ಪ್ರಶ್ನೆ: ಕಾರಟಗಿ ವಿದ್ಯಾರ್ಥಿನಿ

ಹಿರಿಯರಿಗೆ ನಮಸ್ಕಾರ. ನಾನು ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿ, ಸದ್ಯ ಕಾರಟಗಿಯ ಒಂದು ರೈಸ್ ಮಿಲ್ಲಿನ ಕಚೇರಿಯಲ್ಲಿ ಬಿಲ್ಲು, ಇ-ವೇ ಬಿಲ್ಲು ಮತ್ತು ಲಾರಿ ಲೋಡಿನ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಹಾಸ್ಟೆಲಿನಲ್ಲಿದ್ದು ಓದುವುದು ನಮ್ಮ ಮನೆಯ ಪರಿಸ್ಥಿತಿಯಲ್ಲಿ ಆಗದ ಮಾತು. ಕೆಲಸ ಬಿಡುವಂತೆಯೂ ಇಲ್ಲ. ಆದ್ದರಿಂದ ಆನ್‌ಲೈನ್ ಮೂಲಕ ಬಿಬಿಎ ಪದವಿಯನ್ನು ಅಂತರರಾಷ್ಟ್ರೀಯ ವ್ಯಾಪಾರ ವಿಷಯದಲ್ಲಿ ಮಾಡಬೇಕೆಂದುಕೊಂಡಿದ್ದೇನೆ. ನಮ್ಮ ಮಿಲ್ಲಿನ ಅಕ್ಕಿಯಲ್ಲಿ ಒಂದಿಷ್ಟು ಪಾಲು ಬೇರೆಯವರ ಹೆಸರಿನ ಚೀಲದಲ್ಲಿ ದುಬೈ ಕಡೆಗೆ ಹೋಗುತ್ತದೆ ಎಂದು ಕೇಳಿ ಬಲ್ಲೆನೇ ಹೊರತು, ಲಾರಿ ಗೇಟು ದಾಟಿದ ಮೇಲೆ ಏನೇನು ನಡೆಯುತ್ತದೆ ಎಂಬುದು ನಮ್ಮ ಕಚೇರಿಯಲ್ಲಿ ಯಾರಿಗೂ ಸರಿಯಾಗಿ ತಿಳಿಯದು. ಈ ವಿಷಯದ ಮೇಲೆ ಮನಸ್ಸು ಹೋಗಿದ್ದು ಅದರಿಂದಲೇ.

ಅಪ್ಪನ ಆಕ್ಷೇಪ ಒಂದೇ: ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಪಡೆದ ಪದವಿಯನ್ನು ನಾಳೆ ಬ್ಯಾಂಕಿನವರಾಗಲಿ ಸರ್ಕಾರದವರಾಗಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುತ್ತಾರೆ. ಈ ಮಾತು ನಿಜವೇ? ಈ ಪದವಿಯಲ್ಲಿ ಕಲಿಸುವುದಾದರೂ ಏನು? ಓದಿ ಮುಗಿಸಿದವರು ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದಲ್ಲೇ ಉಳಿದು ಕೆಲಸ ಮಾಡಲು ಸಾಧ್ಯವೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ 1: ನಿವೃತ್ತ ವಾಣಿಜ್ಯ ಉಪನ್ಯಾಸಕ, ಬಳ್ಳಾರಿ

ನಿಮ್ಮ ತಂದೆಯವರ ಅನುಮಾನ ತಪ್ಪಲ್ಲ, ಆದರೆ ಹಳೆಯದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2020ರಲ್ಲಿ ಮುಕ್ತ, ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗೆ ಪ್ರತ್ಯೇಕ ನಿಯಮಾವಳಿ ತಂದಿತು. ಅದರ ಪ್ರಕಾರ, ಅನುಮತಿ ಪಡೆದ ವಿಶ್ವವಿದ್ಯಾಲಯವು ಆನ್‌ಲೈನ್‌ನಲ್ಲಿ ನೀಡುವ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. ಇದನ್ನೇ 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಸಾರ್ವಜನಿಕ ಪ್ರಕಟಣೆಯ ಮೂಲಕ ಮತ್ತೊಮ್ಮೆ ಸ್ಪಷ್ಟಪಡಿಸಿತು. ಬ್ಯಾಂಕ್ ಪರೀಕ್ಷೆಯಾಗಲಿ, ಕೆಪಿಎಸ್‌ಸಿಯಾಗಲಿ, ಸಾಮಾನ್ಯ ಪದವಿ ಬೇಕಾದ ಹುದ್ದೆಗೆ ಕೇಳುವುದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿಯನ್ನು. ನಮ್ಮ ಭಾಗದವರು ಪದೇ ಪದೇ ಕೇಳುವ 371(ಜೆ) ಪ್ರಮಾಣಪತ್ರವೂ (ಕಲ್ಯಾಣ ಕರ್ನಾಟಕದವರ ಮೀಸಲಾತಿಯದು) ಹುಟ್ಟು ಅಥವಾ ವಾಸಸ್ಥಳದ ಆಧಾರದ ಮೇಲೆ ಸಿಗುವಂಥದ್ದು. ಪದವಿಯನ್ನು ಯಾವ ಕ್ರಮದಲ್ಲಿ ಓದಿದಿರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಪಾಯವಿರುವುದು ಬೇರೆ ಕಡೆ. ಮೇಲೆ 'ಅನುಮತಿ ಪಡೆದ' ಎಂದು ಬರೆದೆನಲ್ಲ, ಆ ಅನುಮತಿ ವಿಶ್ವವಿದ್ಯಾಲಯದ ಹೆಸರಿಗೆ ಒಟ್ಟಾಗಿ ಸಿಗುವುದಿಲ್ಲ. ಯಾವ ಶೈಕ್ಷಣಿಕ ವರ್ಷದಲ್ಲಿ, ಯಾವ ಕೋರ್ಸಿಗೆ, ಯಾವ ಕ್ರಮದಲ್ಲಿ ಎಂದು ಬಿಡಿಬಿಡಿಯಾಗಿ ಸಿಗುತ್ತದೆ. ಒಂದು ವಿಶ್ವವಿದ್ಯಾಲಯಕ್ಕೆ ಆನ್‌ಲೈನ್ ಎಂಬಿಎಗೆ ಅನುಮತಿ ಇದ್ದು ಬಿಬಿಎಗೆ ಇಲ್ಲದಿರಬಹುದು. ಆದ್ದರಿಂದ ಜಾಹೀರಾತನ್ನು ನೆಚ್ಚಿಕೊಳ್ಳದೆ, ಯುಜಿಸಿಯ ದೂರಶಿಕ್ಷಣ ಬ್ಯೂರೋ (ಡೆಬ್) ಪ್ರಕಟಿಸುವ ಪಟ್ಟಿಯಲ್ಲಿ ನೀವು ಸೇರುವ ಆ ವರ್ಷದ, ಆ ಕೋರ್ಸಿನ ಸಾಲನ್ನು ಕಣ್ಣಾರೆ ನೋಡಿ, ಅದರ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ. 2024-25ನೇ ಸಾಲಿನಿಂದ ಪ್ರತಿ ವಿದ್ಯಾರ್ಥಿಯೂ ಡೆಬ್ ಐಡಿ ಎಂಬ ಗುರುತಿನ ಸಂಖ್ಯೆಯನ್ನು ತಾನೇ ಮಾಡಿಸಿಕೊಳ್ಳಬೇಕು. ಅದಕ್ಕೆ ಮೊದಲು ಎಬಿಸಿ ಎನ್ನುವ, ಓದಿನ ಕ್ರೆಡಿಟ್ ಅಂಕಗಳನ್ನು ಜಮಾ ಇಡುವ ಖಾತೆ ಬೇಕು. ಈ ಸಂಖ್ಯೆ ಕೇಳದೆ ಪ್ರವೇಶ ಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಬಸ್ ಸ್ಟ್ಯಾಂಡಿನ ಎದುರು ಮಳಿಗೆ ಹಿಡಿದು, ಹತ್ತು ವಿಶ್ವವಿದ್ಯಾಲಯಗಳ ಬೋರ್ಡು ತೂಗುಹಾಕಿ, ಪರೀಕ್ಷೆಯನ್ನೂ ನಾವೇ ನೋಡಿಕೊಳ್ಳುತ್ತೇವೆ ಎನ್ನುವ 'ಸ್ಟಡಿ ಸೆಂಟರ್'ಗಳು ನಮ್ಮ ಊರುಗಳಲ್ಲಿ ಈಗಲೂ ಇವೆ. ಫ್ರಾಂಚೈಸಿ ಪದ್ಧತಿಗೆ ನಿಯಮಾವಳಿಯಲ್ಲಿ ಅವಕಾಶವೇ ಇಲ್ಲ. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಬೇಕು, ರಸೀದಿ ಅದರ ಹೆಸರಿನಲ್ಲೇ ಬರಬೇಕು.

ವಿದೇಶಿ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಯ ಆಸೆ ಇದ್ದರೆ ಇಲ್ಲಿ ಅದಕ್ಕೆ ಸಮಾನತಾ ಮನ್ನಣೆ ಸಿಗುತ್ತದೆಯೇ ಎಂಬುದನ್ನು ಸೇರುವ ಮೊದಲೇ ಲಿಖಿತವಾಗಿ ವಿಚಾರಿಸಬೇಕು. ನಿಮ್ಮ ಪರಿಸ್ಥಿತಿಯಲ್ಲಿ ಆ ಗೊಡವೆ ಬೇಡ ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ರಫ್ತು ದಾಖಲೆ ವಿಭಾಗ, ಗಂಗಾವತಿ

ಮಾಸ್ತರು ಮಾನ್ಯತೆಯ ವಿಷಯವನ್ನು ತಿಳಿಸಿದ್ದಾರೆ. ಕಲಿಸುವುದೇನು ಎಂಬ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನು ಅಕ್ಕಿ ರಫ್ತಿನ ಕಾಗದಪತ್ರಗಳ ಕೆಲಸ ಮಾಡುವವನು. ತಂಗಿ, ಲಾರಿ ಗೇಟು ದಾಟಿದ ಮೇಲೆ ಏನಾಗುತ್ತದೆ ಎಂದು ಕೇಳಿದಿರಲ್ಲ, ಈ ಪದವಿಯ ಅರ್ಧ ಪಠ್ಯ ಅದೇ.

ಇನ್‌ಕೋಟರ್ಮ್ಸ್ ಎಂಬ ಪಾಠ ಬರುತ್ತದೆ. ಸರಕು ಸಾಗಣೆಯ ಖರ್ಚು ಮತ್ತು ಹೊಣೆಯನ್ನು ಮಾರುವವನ, ಕೊಳ್ಳುವವನ ನಡುವೆ ಹಂಚುವ ನಿಯಮಗಳಿವು. ಪ್ಯಾರಿಸ್‌ನಲ್ಲಿರುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ರೂಪಿಸಿದ ಈ ನಿಯಮಗಳ 2020ರ ಆವೃತ್ತಿಯಲ್ಲಿ 11 ಷರತ್ತುಗಳಿವೆ. ವಿದ್ಯಾರ್ಥಿಗಳು ಅವನ್ನು ಬಾಯಿಪಾಠ ಮಾಡಿ ಬರೆದು ಮರೆಯುತ್ತಾರೆ. ಆದರೆ ನಮ್ಮ ಅಕ್ಕಿಯನ್ನೇ ಇಟ್ಟುಕೊಂಡು ನೋಡಿ. ಚೆನ್ನೈ ಬಂದರಿನಿಂದ ದುಬೈನ ಜೆಬೆಲ್ ಅಲಿಗೆ 'ಸಿಐಎಫ್ ಜೆಬೆಲ್ ಅಲಿ' ಎಂದು ದರ ಒಪ್ಪಿಕೊಂಡರೆ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಮಾರುವವನೇ ಕಟ್ಟಬೇಕು. ಹಾಗಾದರೆ ದುಬೈ ಮುಟ್ಟುವವರೆಗೆ ಸರಕಿನ ಹೊಣೆಯೂ ನಮ್ಮದೇ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸರಕು ಚೆನ್ನೈನಲ್ಲಿ ಹಡಗಿನ ಮೇಲೆ ಏರಿದ ಕ್ಷಣಕ್ಕೇ ನಷ್ಟದ ಹೊಣೆ ಕೊಳ್ಳುವವನಿಗೆ ದಾಟುತ್ತದೆ. ಖರ್ಚು ಒಂದು ಕಡೆ ನಿಲ್ಲುತ್ತದೆ, ಹೊಣೆ ಇನ್ನೊಂದು ಕಡೆ ನಿಲ್ಲುತ್ತದೆ. ಇನ್ನು ಕಂಟೇನರಿನಲ್ಲಿ ಹೋಗುವ ಸರಕಿಗೆ ಎಫ್‌ಒಬಿ (ಹಡಗಿಗೆ ಏರಿಸಿ ಒಪ್ಪಿಸುವ ಷರತ್ತು) ಬದಲು ಎಫ್‌ಸಿಎ (ಸಾಗಣೆದಾರನ ಕೈಗೆ ಒಪ್ಪಿಸುವ ಷರತ್ತು) ಬಳಸಿ ಎಂದು ಮಂಡಳಿಯೇ ಹೇಳುತ್ತದೆ, ಏಕೆಂದರೆ ಕಂಟೇನರನ್ನು ಹಡಗಿಗಿಂತ ಮೊದಲೇ ಯಾರ್ಡಿನಲ್ಲಿ ಒಪ್ಪಿಸಿಬಿಟ್ಟಿರುತ್ತೇವೆ. ಆದರೂ ಎಫ್‌ಒಬಿ ಎಂದೇ ಬರೆಯುವ ರೂಢಿ ವ್ಯಾಪಾರಿಗಳಿಗೆ ಬಿಟ್ಟಿಲ್ಲ. ಪುಸ್ತಕವನ್ನೂ ರೂಢಿಯನ್ನೂ ಒಟ್ಟಿಗೆ ಬಲ್ಲವರು ಕಚೇರಿಯಲ್ಲಿ ಒಬ್ಬರಾದರೂ ಬೇಕು.

ಎರಡನೆಯದು ಲೆಟರ್ ಆಫ್ ಕ್ರೆಡಿಟ್, ನಾವು ಎಲ್‌ಸಿ ಎನ್ನುತ್ತೇವೆ. ಕೊಳ್ಳುವವನ ಬ್ಯಾಂಕು, 'ಇಂತಿಂಥ ದಾಖಲೆ ಒಪ್ಪಿಸಿದರೆ ಹಣ ಕೊಡುತ್ತೇನೆ' ಎಂದು ಬರೆದುಕೊಡುವ ವಾಗ್ದಾನ ಅದು. ಇದಕ್ಕೆ 2007ರಿಂದ ಯುಸಿಪಿ 600 ಎಂಬ ನಿಯಮಾವಳಿ ಜಾರಿಯಲ್ಲಿದೆ. ಬ್ಯಾಂಕು ಅಕ್ಕಿಯನ್ನು ನೋಡುವುದಿಲ್ಲ, ಕಾಗದವನ್ನಷ್ಟೇ ನೋಡುತ್ತದೆ. ಎಲ್‌ಸಿಯಲ್ಲಿ 'ಸೋನಾ ಮಸೂರಿ ರಾ ರೈಸ್, ಶೇ 5 ನುಚ್ಚು' ಎಂದಿದ್ದು, ಇನ್‌ವಾಯ್ಸಿನಲ್ಲಿ ಬರಿಯ 'ಸೋನಾ ಮಸೂರಿ ರೈಸ್' ಎಂದಿದ್ದರೆ ಅಷ್ಟಕ್ಕೇ ಹಣ ತಡೆಯಬಹುದು. ಇನ್‌ವಾಯ್ಸಿನ ವಿವರಣೆ ಎಲ್‌ಸಿಯ ವಿವರಣೆಗೆ ಹೊಂದಲೇಬೇಕು. ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ರಸೀದಿ) ಮುಂತಾದ ಉಳಿದ ದಾಖಲೆಗಳಲ್ಲಿ ವಿರೋಧ ಬಾರದಂಥ ಸಾಮಾನ್ಯ ವಿವರಣೆ ನಡೆಯುತ್ತದೆ. ದಾಖಲೆಗಳನ್ನು ಸರಕು ಹಡಗೇರಿದ 21 ದಿನಗಳೊಳಗೆ, ಎಲ್‌ಸಿಯ ಅವಧಿ ಮುಗಿಯುವ ಮೊದಲು ಒಪ್ಪಿಸಬೇಕು, ಮತ್ತು ಪರಿಶೀಲನೆಗೆ ಬ್ಯಾಂಕಿಗಿರುವ ಗಡುವು ಐದು ಬ್ಯಾಂಕಿಂಗ್ ದಿನಗಳು. ನೀವು ಈಗಾಗಲೇ ಇ-ವೇ ಬಿಲ್ಲಿನಲ್ಲಿ ಲಾರಿ ನಂಬರಿನ ಒಂದು ಅಂಕಿ ತಪ್ಪಿದರೆ ಏನಾಗುತ್ತದೆಂದು ಕಂಡವರು; ಈ ಕೆಲಸಕ್ಕೆ ಬೇಕಾದ ಕಣ್ಣು ನಿಮಗೆ ಅರ್ಧ ಬಂದಂತೆಯೇ.

ಮೂರನೆಯದು ವಿದೇಶ ವ್ಯಾಪಾರ ನೀತಿ. ಇದನ್ನು ಪುಸ್ತಕದಲ್ಲಿ ಓದುವಾಗ ಒಣ ವಿಷಯ ಎನಿಸುತ್ತದೆ, ಆದರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದವರಿಗೆ ಇದರಷ್ಟು ಹತ್ತಿರದ ಪಾಠ ಇನ್ನೊಂದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರವು ನುಚ್ಚಕ್ಕಿ ರಫ್ತನ್ನು ನಿಷೇಧಿಸಿ, ಬಾಸ್ಮತಿಯಲ್ಲದ ಬಿಳಿ ಅಕ್ಕಿಗೆ ಶೇ 20 ರಫ್ತು ಸುಂಕ ಹಾಕಿತು. 2023ರ ಜುಲೈ 20ರಂದು ಆ ಬಿಳಿ ಅಕ್ಕಿಯ ರಫ್ತನ್ನೇ ನಿಷೇಧಿಸಿತು. ನಮ್ಮ ಸೋನಾ ಮಸೂರಿ ಬರುವುದು ಇದೇ ಗುಂಪಿನಲ್ಲಿ. 2024ರ ಸೆಪ್ಟೆಂಬರ್ 28ರಂದು ನಿಷೇಧ ತೆರವಾಯಿತಾದರೂ ಟನ್ನಿಗೆ 490 ಡಾಲರಿನ ಕನಿಷ್ಠ ರಫ್ತು ಬೆಲೆ ಕಟ್ಟಿದರು, ಅಕ್ಟೋಬರಿನಲ್ಲಿ ಅದನ್ನೂ ತೆಗೆದರು. ಇವೆಲ್ಲವೂ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಮತ್ತು ಹಣಕಾಸು ಸಚಿವಾಲಯದ ಅಧಿಸೂಚನೆಗಳಲ್ಲಿ ಬಂದವು. ಅಧಿಸೂಚನೆಯ ದಿನಾಂಕಕ್ಕೆ ಮೊದಲೇ ಹಡಗಿಗೆ ಏರುತ್ತಿದ್ದ ಸರಕಿಗೆ ವಿನಾಯಿತಿ ಉಂಟೇ, ಬಂದರಿನ ಯಾರ್ಡಿನಲ್ಲಿ ನಿಂತದ್ದಕ್ಕೆ ಉಂಟೇ ಎಂಬುದನ್ನು ಆ ಕಾಗದದ ಸಣ್ಣ ಸಣ್ಣ ಉಪವಾಕ್ಯಗಳಲ್ಲಿ ಹುಡುಕಬೇಕು, ಅದೂ ಅದೇ ರಾತ್ರಿ. ಪದವಿಯಿಂದ ಈ ಓದುವ ಶಕ್ತಿ ಬಂದರೆ ಶುಲ್ಕ ಕೈಗೆ ಬಂದಂತೆ.

ಇಷ್ಟೆಲ್ಲ ಇಂಗ್ಲಿಷಿನಲ್ಲೇ ಇರುತ್ತದೆ. ಅದಕ್ಕೆ ಹೆದರಬೇಡಿ, ಬಳಕೆಯಾಗುವ ಪದಗಳು ಮತ್ತೆ ಮತ್ತೆ ಅವೇ ಬರುತ್ತವೆ.

ಉತ್ತರ 3: ಹತ್ತಿ ವ್ಯಾಪಾರ, ರಾಯಚೂರು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ನನ್ನದೊಂದು ಭಿನ್ನಮತವಿದೆ. ಅಂತರರಾಷ್ಟ್ರೀಯ ವ್ಯಾಪಾರ ಎಂಬ ಹೆಸರು ಹೊತ್ತ ಬಿಬಿಎಯಲ್ಲಿ ನಿಜವಾಗಿ ಆ ವಿಷಯದ ಪತ್ರಿಕೆಗಳು ಎಷ್ಟಿವೆ ಎಂದು ಮೊದಲು ಎಣಿಸಿ ನೋಡಬೇಕು. ಮೊದಲ ಸೆಮಿಸ್ಟರುಗಳಲ್ಲಿ ಲೆಕ್ಕಶಾಸ್ತ್ರ, ನಿರ್ವಹಣೆ, ಅರ್ಥಶಾಸ್ತ್ರ, ಮಾರುಕಟ್ಟೆ ಎಂದು ಎಲ್ಲರಿಗೂ ಇರುವ ಪಾಠಗಳೇ ಇದ್ದು, ಕೊನೆಯಲ್ಲಿ ನಾಲ್ಕಾರು ಪತ್ರಿಕೆಗಳನ್ನು ಸೇರಿಸಿ ಹೆಸರು ಬದಲಿಸಿದ ಕೋರ್ಸುಗಳೂ ಇವೆ. ಪಠ್ಯಕ್ರಮದಲ್ಲಿ ರಫ್ತು ದಾಖಲೆ, ವಿದೇಶಿ ವಿನಿಮಯ, ಕಸ್ಟಮ್ಸ್, ಸಾಗಣೆ ಈ ನಾಲ್ಕೂ ಪ್ರತ್ಯೇಕ ಪತ್ರಿಕೆಗಳಾಗಿ ಇಲ್ಲದಿದ್ದರೆ ಆ ಹೆಸರಿಗಾಗಿ ಹೆಚ್ಚು ಹಣ ಕೊಡುವುದು ವ್ಯರ್ಥ.

ಇನ್ನೊಂದು ದಾರಿಯನ್ನೂ ಯೋಚಿಸಿ. ಊರಿನ ಹತ್ತಿರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಕಾಂ. ಮಾಡುತ್ತಲೇ ಆನ್‌ಲೈನ್‌ನಲ್ಲಿ ಇದನ್ನೂ ಓದಬಹುದು. ಏಕಕಾಲಕ್ಕೆ ಎರಡು ಪದವಿಗಳಿಗೆ ಯುಜಿಸಿ 2022ರಲ್ಲೇ ಅವಕಾಶ ಕೊಟ್ಟಿದೆ. ಕೆಲಸವೂ ಇರುವುದರಿಂದ ಮೂರನ್ನೂ ಎಳೆಯುವುದು ನಿಮಗೆ ಕಷ್ಟ ಎಂದು ಬಲ್ಲೆ. ಹಾಗಿದ್ದರೆ ಬಿ.ಕಾಂ. ಮುಗಿಸಿ, ಆಮೇಲೆ ಇಗ್ನೋದ ಅಂತರರಾಷ್ಟ್ರೀಯ ವ್ಯಾಪಾರ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾದಂಥ ಕೋರ್ಸನ್ನು ಸೇರುವುದೂ ಒಳ್ಳೆಯ ಕ್ರಮವೇ. ಸ್ವಯಂ ಎಂಬ ಕೇಂದ್ರ ಸರ್ಕಾರದ ಕಲಿಕಾ ತಾಣದಲ್ಲಿ ಈ ವಿಷಯದ ಬಿಡಿ ಪಾಠಗಳು ಉಚಿತವಾಗಿ ಸಿಗುತ್ತವೆ. ಮೂರು ವರ್ಷದ ಶುಲ್ಕ ಕಟ್ಟುವ ಮೊದಲು ಒಂದು ಪಾಠವನ್ನು ಪೂರ್ತಿ ಕೇಳಿ ಮುಗಿಸಿದರೆ, ರಾತ್ರಿ ಕೆಲಸದಿಂದ ಬಂದು ಪರದೆಯ ಮುಂದೆ ಕೂರುವುದು ತಮ್ಮಿಂದ ಆಗುತ್ತದೆಯೇ ಎಂಬುದು ನಿಮಗೇ ತಿಳಿಯುತ್ತದೆ.

ವಿಷಯದ ಉಪಯೋಗದ ಬಗ್ಗೆ ನನಗೆ ಸಂಶಯವಿಲ್ಲ. 2025ರ ಆಗಸ್ಟ್ 19ರಿಂದ ವರ್ಷಾಂತ್ಯದವರೆಗೆ ಕೇಂದ್ರವು ಹತ್ತಿಯ ಮೇಲಿನ ಶೇ 11 ಆಮದು ಸುಂಕವನ್ನು ಮನ್ನಾ ಮಾಡಿದಾಗ, ನಮ್ಮ ಎಪಿಎಂಸಿಯಲ್ಲಿ ರೈತರು ಕೇಳಿದ ಮೊದಲ ಪ್ರಶ್ನೆ 'ವಿದೇಶಿ ಹತ್ತಿ ಬಂದರೆ ನಮ್ಮ ದರ ಏನಾಗುತ್ತದೆ' ಎಂಬುದು. ಆ ಹಂಗಾಮಿನ ಬೆಂಬಲ ಬೆಲೆ ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿ. ಅದಕ್ಕೂ ಹೊರಗಿನ ದರಕ್ಕೂ ಡಾಲರಿನ ವಿನಿಮಯಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬಲ್ಲವರು ಅಡತಿ ಅಂಗಡಿಗಳಲ್ಲಿ ಬಹಳ ಕಡಿಮೆ.

ಉತ್ತರ 4: ಸಂಡೂರಿನಿಂದ

ಕೆಲಸದ ಬಗ್ಗೆ ಎರಡು ಮಾತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಬಹುಪಾಲು ಹೊರದೇಶದಿಂದಲೇ ಬರಬೇಕು. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಇದೆ. ಗ್ರಾನೈಟ್, ದಾಳಿಂಬೆ, ಮೆಣಸಿನಕಾಯಿ, ಬಳ್ಳಾರಿಯ ಜೀನ್ಸ್ ಎಲ್ಲಕ್ಕೂ ಹೊರಗಿನ ಮಾರುಕಟ್ಟೆಯ ಸಂಬಂಧ ಒಂದಲ್ಲ ಒಂದು ಬಗೆಯಲ್ಲಿ ಉಂಟು. ಆದರೆ ಹೊಸ ಪದವೀಧರರಿಗೆ ಮೊದಲು ಸಿಗುವುದು ದೊಡ್ಡ ಕಂಪನಿಯ ಹುದ್ದೆಯಲ್ಲ, ಸಾಗಣೆ ಏಜೆಂಟರ ಅಥವಾ ಕಸ್ಟಮ್ಸ್ ಬ್ರೋಕರರ ಕಚೇರಿಯ ಕೆಲಸ. ಅವು ಬಹುತೇಕ ಬಂದರಿನ ಊರುಗಳಲ್ಲಿವೆ.

ನೀತಿ ಹೇಗೆ ತಿರುಗುತ್ತದೆ ಎಂಬುದಕ್ಕೆ ನಮ್ಮ ಕಬ್ಬಿಣದ ಅದಿರೇ ಉದಾಹರಣೆ. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಗಾರಿಕೆ ಮತ್ತೆ ಶುರುವಾದರೂ ರಫ್ತಿಗೆ ಒಪ್ಪಿಗೆ ಸಿಕ್ಕಿದ್ದು 2022ರ ಮೇ 20ರಂದು. ಎರಡು ದಿನ ಕಳೆಯುವುದರೊಳಗೆ ಕೇಂದ್ರವು ಅದಿರಿಗೆ ಶೇ 50 ರಫ್ತು ಸುಂಕ ಹಾಕಿತು, ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ಆಗಲೂ ಶೇ 58ಕ್ಕಿಂತ ಕಡಿಮೆ ಕಬ್ಬಿಣಾಂಶದ ಅದಿರಿಗಷ್ಟೇ ಪೂರ್ಣ ವಿನಾಯಿತಿ, ಉಳಿದದ್ದಕ್ಕೆ ಹಳೆಯ ಶೇ 30.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಮಾಸ್ತರು ಹೇಳಿದ ಪಟ್ಟಿಯನ್ನು ಅಪ್ಪನಿಗೆ ತೋರಿಸಿದೆ. ಕೋರ್ಸಿನ ಹೆಸರು ಅದರಲ್ಲಿ ಇರುವುದನ್ನು ಕಂಡು ಸುಮ್ಮನಾದರು. ಪಠ್ಯಕ್ರಮಗಳನ್ನು ಹೋಲಿಸಿ ನೋಡುತ್ತಿದ್ದೇನೆ. ಇನ್ನೆರಡು ಸಂಶಯಗಳಿವೆ. ಪರೀಕ್ಷೆಯ ನಡುವೆ ಕರೆಂಟು ಹೋದರೆ ಏನು ಗತಿ? ಓದುತ್ತಿರುವಾಗಲೇ ನನ್ನ ಹೆಸರಿನಲ್ಲಿ ಐಇಸಿ ಮಾಡಿಸಬಹುದೇ?

ಉತ್ತರ 5: ರಫ್ತು ದಾಖಲೆ ವಿಭಾಗ, ಗಂಗಾವತಿ

ಪರೀಕ್ಷೆಯಲ್ಲಿ ಕ್ಯಾಮೆರಾ ಮೂಲಕ ನಿಗಾ ಇಟ್ಟಿರುತ್ತಾರೆ. ಸಂಪರ್ಕ ಕಡಿದರೆ ಎಷ್ಟು ಹೊತ್ತಿನೊಳಗೆ ಮರಳಬಹುದು, ಮರುಪರೀಕ್ಷೆ ಉಂಟೇ ಎಂಬುದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ಪ್ರವೇಶಕ್ಕೆ ಮೊದಲೇ ಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಬ್ಯಾಟರಿ ನಿಲ್ಲುವ ಲ್ಯಾಪ್‌ಟಾಪು ಮತ್ತು ಬೇರೆ ಕಂಪನಿಯ ಇನ್ನೊಂದು ಸಿಮ್ ಇಟ್ಟುಕೊಳ್ಳುವುದು ಒಳಿತು.

ಐಇಸಿ ಎಂದರೆ ಆಮದು-ರಫ್ತುದಾರರ ಸಂಕೇತ ಸಂಖ್ಯೆ. ಈಗ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯೂ ಆಗಿರುತ್ತದೆ. ಡಿಜಿಎಫ್‌ಟಿ ತಾಣದಲ್ಲಿ 500 ರೂಪಾಯಿ ಕಟ್ಟಿ ಪಡೆಯಬಹುದು, ಪದವಿ ಬೇಕಿಲ್ಲ. ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ದೃಢೀಕರಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಅಕ್ಕಿ ಕಳಿಸುವುದಾದರೆ ಅಪೆಡಾ (ಕೃಷಿ ಉತ್ಪನ್ನಗಳ ರಫ್ತು ಪ್ರಾಧಿಕಾರ) ನೋಂದಣಿಯೂ ಬೇಕು. ಕೊಳ್ಳುವವರು ಗೊತ್ತಾಗುವವರೆಗೆ ಇವುಗಳ ಅವಸರ ಮಾಡಬೇಡಿ, ಮತ್ತು ನಿಮ್ಮ ಐಇಸಿಯ ಮೇಲೆ ಬೇರೆಯವರು ಸರಕು ಕಳಿಸುತ್ತೇವೆಂದು ಕಮಿಷನ್ ಆಸೆ ತೋರಿಸಿದರೆ ಒಪ್ಪಬೇಡಿ. ಕಸ್ಟಮ್ಸ್‌ಗೂ ಬ್ಯಾಂಕಿಗೂ ಲೆಕ್ಕ ಕೊಡಬೇಕಾದವರು ನೀವೇ ಆಗುತ್ತೀರಿ.