ಹಳೆಯ ಕಾರಿನ ಇಸಿಯು: ಆಗಾಗ ಬಂದು ಹೋಗುವ ವೈರಿಂಗ್ ದೋಷವನ್ನು ಹಿಡಿಯುವುದು ಹೇಗೆ?

ಪ್ರಶ್ನೆ

ನನ್ನಲ್ಲಿರುವುದು ಪೆಟ್ರೋಲ್ ಇಂಜೆಕ್ಷನ್ ಎಂಜಿನ್ನಿನ, ಇಪ್ಪತ್ತು ವರ್ಷ ದಾಟಿದ ಕಾರು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅದರಲ್ಲೂ ಗುಂಡಿ ಬಿದ್ದ ರಸ್ತೆಯಲ್ಲಿ ಹೋಗುವಾಗ, ಯಾವ ಸೂಚನೆಯೂ ಇಲ್ಲದೆ ಎಂಜಿನ್ ನಿಂತುಬಿಡುತ್ತದೆ. ಕೆಲವೊಮ್ಮೆ ಒಂದು ಕ್ಷಣ ಮುಗ್ಗರಿಸಿ ತಾನಾಗಿಯೇ ಸರಿಹೋಗುತ್ತದೆ. ಸ್ಕ್ಯಾನರ್ ಹಾಕಿದರೆ ಥ್ರಾಟಲ್ ಪೊಸಿಷನ್ ಸೆನ್ಸರ್ (ಥ್ರಾಟಲ್ ಎಷ್ಟು ತೆರೆದಿದೆ ಎಂದು ಅಳೆಯುವುದು) ಮತ್ತು ಮ್ಯಾನಿಫೋಲ್ಡ್ ಪ್ರೆಶರ್ ಸೆನ್ಸರ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ ಒತ್ತಡ ಅಳೆಯುವುದು) ಎರಡಕ್ಕೂ ‘ವೋಲ್ಟೇಜ್ ಕಡಿಮೆ’ ಎಂಬ ಕೋಡ್ ಬರುತ್ತದೆ. ನಿಲ್ಲಿಸಿ ಪರೀಕ್ಷಿಸುವಾಗ ಮಾತ್ರ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಮಲ್ಟಿಮೀಟರಿನಲ್ಲಿ ವೈರುಗಳ ಕಂಟಿನ್ಯೂಟಿ (ವೈರು ತುಂಡಾಗದೆ ಉದ್ದಕ್ಕೂ ಕೂಡಿದೆಯೇ ಎಂಬುದು) ನೋಡಿದ್ದೇನೆ, ಎಲ್ಲವೂ ಸರಿಯಿದೆ. ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಬದಲಿಸಿ ಎಂದು ಸಲಹೆ ಬಂದಿದೆ. ಅದಕ್ಕೆ ಮೊದಲು ಇನ್ನೇನು ಪರೀಕ್ಷಿಸಬೇಕು?

ಉತ್ತರ 1

ಇಸಿಯು ಬದಲಿಸುವ ಆಲೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಹಳೆಯ ಇಸಿಯುಗಳಲ್ಲಿ ಬೆಸುಗೆ ಬಿರುಕು ಬಿಡುವುದೂ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಸೋರುವುದೂ ಉಂಟು. ಆದರೂ ಅದಕ್ಕೆ ಬರುವ ವಿದ್ಯುತ್, ಅದರ ಅರ್ಥ್ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಮತ್ತು ಸೆನ್ಸರುಗಳ ವೈರುಗಳು ಸರಿಯಿವೆಯೆಂದು ಖಚಿತವಾಗುವ ತನಕ ಇಸಿಯುವಿನ ಮೇಲೆ ತಪ್ಪು ಹೊರಿಸಬಾರದು.

ಕಂಟಿನ್ಯೂಟಿ ಪರೀಕ್ಷೆಯಲ್ಲಿ ಮೀಟರು ವೈರಿನ ಮೂಲಕ ಹರಿಸುವ ಕರೆಂಟು ಅತ್ಯಲ್ಪ. ವೈರಿನೊಳಗಿನ ತಾಮ್ರದ ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರು ‘ಸರಿ’ ಎನ್ನುತ್ತದೆ. ಕೆಲಸದ ಹೊತ್ತಿನಲ್ಲಿ ಅದೇ ವೈರು ಬೇಕಾದಷ್ಟು ಕರೆಂಟನ್ನು ಹೊರಲಾರದು. ಹೀಗಾಗಿ ವಿದ್ಯುತ್ ಮತ್ತು ಅರ್ಥ್ ವೈರುಗಳನ್ನು ಹೊರೆ ಕೊಟ್ಟೇ ಪರೀಕ್ಷಿಸಬೇಕು. ಬ್ಯಾಟರಿಯ ನೆಗೆಟಿವ್ ಕಳಚಿ ಇಸಿಯು ಕನೆಕ್ಟರನ್ನು ಬಿಡಿಸಿಕೊಳ್ಳಿ. ಬ್ಯಾಟರಿಯನ್ನು ಮತ್ತೆ ಜೋಡಿಸಿ, ಇಗ್ನಿಷನ್ ಆನ್ ಮಾಡಿ, ಹಾರ್ನೆಸ್ (ವೈರುಗಳ ಕಟ್ಟು) ಕಡೆಯ ಪವರ್ ಪಿನ್ ಹಾಗೂ ಅರ್ಥ್ ಪಿನ್ನಿನ ನಡುವೆ 12 ವೋಲ್ಟಿನ, 21 ವ್ಯಾಟಿನ ಬಲ್ಬನ್ನು ಹಿಡಿಯಿರಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ನೇರವಾಗಿ ಬ್ಯಾಟರಿಗೆ ಹಿಡಿದಾಗ ಎಷ್ಟು ಪ್ರಕಾಶವಿರುತ್ತದೆಯೋ ಇಲ್ಲಿಯೂ ಅಷ್ಟೇ ಇರಬೇಕು, ಹಾರ್ನೆಸ್ಸನ್ನು ಅಲುಗಾಡಿಸಿದಾಗ ಮಿನುಗಬಾರದು. ಅನೇಕ ವಾಹನಗಳಲ್ಲಿ ಮೇನ್ ರಿಲೇಯನ್ನು (ಇಸಿಯುವಿಗೆ ಮುಖ್ಯ ವಿದ್ಯುತ್ ಕೊಡುವ ಸ್ವಿಚ್ಚು) ಆನ್ ಮಾಡುವುದು ಇಸಿಯುವೇ ಆದ್ದರಿಂದ, ಅದನ್ನು ಬಿಡಿಸಿದ ಮೇಲೆ ಪವರ್ ಪಿನ್ನಿಗೆ ಕರೆಂಟೇ ಬಾರದಿದ್ದರೆ ಗಾಬರಿಯಾಗದೆ ಮೊದಲು ಸರ್ಕಿಟ್ ನಕ್ಷೆಯನ್ನು ನೋಡಿ. ಈ ಬಲ್ಬನ್ನು ಸೆನ್ಸರ್ ವೈರುಗಳಿಗೆ ಎಂದಿಗೂ ಹಿಡಿಯಬೇಡಿ.

ಅರ್ಥ್‌ಗೆ ಇನ್ನೊಂದು ಪರೀಕ್ಷೆಯಿದೆ. ಎಲ್ಲವನ್ನೂ ಜೋಡಿಸಿ, ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಮತ್ತು ಬ್ಲೋಯರ್ ಹಾಕಿ, ಇಸಿಯುವಿನ ಅರ್ಥ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ವೋಲ್ಟೇಜ್ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ದಾರಿಯಲ್ಲೆಲ್ಲೋ ತುಕ್ಕು ಅಥವಾ ಸಡಿಲ ಜೋಡಣೆಯಿದೆಯೆಂದು ತಿಳಿಯಬೇಕು. ಮೀಟರಿನ ಮೊನೆಯನ್ನು ವೈರಿನ ಪ್ಲಾಸ್ಟಿಕ್ಕಿಗೆ ಚುಚ್ಚದೆ ಕನೆಕ್ಟರಿನ ಹಿಂಭಾಗದಿಂದ ತಾಗಿಸಿ. ಚುಚ್ಚಿದ ತೂತಿನಲ್ಲಿ ನೀರು ಸೇರಿ, ಕಿಲುಬು ತಾಮ್ರದ ಉದ್ದಕ್ಕೂ ಹರಡುತ್ತದೆ.

ಇಷ್ಟೆಲ್ಲ ಹೇಳಿದರೂ ನನ್ನ ಗಮನ ಸೆಳೆದಿರುವುದು ನಿಮ್ಮ ಎರಡು ಕೋಡುಗಳು. ಆ ಎರಡೂ ಸೆನ್ಸರುಗಳಿಗೆ ಸಾಮಾನ್ಯವಾಗಿ ಇಸಿಯುವಿನಿಂದ ಹೊರಡುವ ಒಂದೇ 5 ವೋಲ್ಟ್ ಲೈನು ಹಂಚಿಕೆಯಾಗಿರುತ್ತದೆ. ಎರಡು ಸೆನ್ಸರುಗಳು ಒಟ್ಟಿಗೇ ಕೆಡುವುದಕ್ಕಿಂತ, ಅವೆರಡಕ್ಕೂ ಸೇರಿದ ಲೈನು ಕುಸಿಯುವ ಸಾಧ್ಯತೆಯೇ ಹೆಚ್ಚು.

ಉತ್ತರ 2

ಬಿಸಿಯಾದಾಗ ಮಾತ್ರ ನಿಲ್ಲುತ್ತದೆ ಎಂದರೆ ಎಂಜಿನ್ ತಿರುಗುವುದನ್ನು ಇಸಿಯುವಿಗೆ ತಿಳಿಸುವ ಕ್ರ್ಯಾಂಕ್ ಪೊಸಿಷನ್ ಸೆನ್ಸರನ್ನೂ ಮರೆಯಬಾರದು. ಅದರೊಳಗಿನ ಕಾಯಿಲ್ ಬಿಸಿಗೆ ತುಂಡರಿಸಿ, ತಣಿದಾಗ ಕೂಡಿಕೊಳ್ಳುವುದು ಹಳೆಯ ವಾಹನಗಳಲ್ಲಿ ಕಂಡುಬರುತ್ತದೆ. ದೋಷ ಈ ಸೆನ್ಸರಿನದೋ, ಇಸಿಯುವೇ ನಿಲ್ಲುತ್ತಿದೆಯೋ ಎಂದು ತಿಳಿಯಲು ಚೆಕ್ ಎಂಜಿನ್ ದೀಪ ನೆರವಾಗುತ್ತದೆ. ಇಗ್ನಿಷನ್ ಆನ್ ಇರುವಂತೆಯೇ ಎಂಜಿನ್ ನಿಂತಾಗ ಆ ದೀಪ ಹೊತ್ತಿಕೊಂಡರೆ ಇಸಿಯು ಎಚ್ಚರವಾಗಿದೆ ಎಂದರ್ಥ, ಆಗ ಕ್ರ್ಯಾಂಕ್ ಸೆನ್ಸರಿನ ಕಡೆ ನೋಡಬಹುದು. ದೀಪ ಹೊತ್ತದೆ, ಸ್ಕ್ಯಾನರಿನ ಸಂಪರ್ಕವೂ ತಪ್ಪಿಹೋದರೆ ಇಸಿಯುವಿಗೇ ಉಸಿರು ಕಟ್ಟಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಬಲ್ಬಿನ ಪರೀಕ್ಷೆಯಲ್ಲಿಯೂ ಅರ್ಥ್ ಪರೀಕ್ಷೆಯಲ್ಲಿಯೂ ಯಾವ ಕೊರತೆಯೂ ಕಾಣಲಿಲ್ಲ. ಆದರೆ ಎಂಜಿನ್ ನಿಂತಾಗ ಚೆಕ್ ಎಂಜಿನ್ ದೀಪ ಹೊತ್ತಲಿಲ್ಲ, ಸ್ಕ್ಯಾನರೂ ಸುಮ್ಮನಾಯಿತು. ಆಮೇಲೆ ಥ್ರಾಟಲ್ ಸೆನ್ಸರಿನ 5 ವೋಲ್ಟ್ ಪಿನ್ನಿಗೆ ಮೀಟರ್ ಜೋಡಿಸಿ, ಕನಿಷ್ಠ ಮೌಲ್ಯವನ್ನು ಹಿಡಿದಿಡುವ ಮೋಡಿನಲ್ಲಿಟ್ಟು, ಬಿಸಿ ಎಂಜಿನ್ನನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದಾಗ ವೋಲ್ಟೇಜ್ 1ಕ್ಕಿಂತ ಕೆಳಗೆ ಬಿತ್ತು. ಇದರ ಅರ್ಥವೇನು?

ಉತ್ತರ 1 ಬರೆದವರಿಂದ

ನಿಮ್ಮ 5 ವೋಲ್ಟ್ ಲೈನು ಎಲ್ಲಿಯೋ ಲೋಹಕ್ಕೆ ತಗುಲಿ ಶಾರ್ಟ್ ಆಗುತ್ತಿರುವಂತಿದೆ. ಇಸಿಯುವಿನ ಪ್ರೊಸೆಸರಿಗೂ ಸೆನ್ಸರುಗಳಿಗೂ ಒಂದೇ ರೆಗ್ಯುಲೇಟರಿನಿಂದ (ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ) 5 ವೋಲ್ಟ್ ಕೊಟ್ಟಿರುವ ವಿನ್ಯಾಸವಾಗಿದ್ದರೆ, ಹೊರಗಿನ ಶಾರ್ಟು ಪ್ರೊಸೆಸರನ್ನೂ ನಿಲ್ಲಿಸಬಲ್ಲದು. ದೀಪ ಹೊತ್ತದಿರುವುದಕ್ಕೆ ಇದೇ ಕಾರಣವಿರಬಹುದು. ಕಂಟಿನ್ಯೂಟಿಯಲ್ಲಿ ಇದು ಸಿಗದಿರುವುದೂ ಸಹಜ, ಏಕೆಂದರೆ ವೈರು ತುಂಡಾಗಿಲ್ಲ, ಅದರ ಹೊದಿಕೆ ಮಾತ್ರ ಸವೆದಿದೆ.

ವೋಲ್ಟೇಜ್ ಬಿದ್ದ ಸ್ಥಿತಿಯಲ್ಲಿಯೇ ಎಂಜಿನ್ನನ್ನು ತಡೆದು ಹಿಡಿಯಲು ಸಾಧ್ಯವಾದರೆ, ಆ ಲೈನಿನಲ್ಲಿರುವ ಸೆನ್ಸರುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಿ. ಯಾವುದನ್ನು ಬಿಡಿಸಿದಾಗ 5 ವೋಲ್ಟ್ ಮರಳುತ್ತದೆಯೋ ಆ ಸೆನ್ಸರ್ ಅಥವಾ ಅದರ ಪಿಗ್‌ಟೇಲಿನಲ್ಲಿ (ಸೆನ್ಸರಿನಿಂದ ಹೊರಡುವ ಗಿಡ್ಡ ವೈರು) ದೋಷವಿದೆ. ಎಲ್ಲವನ್ನೂ ಬಿಡಿಸಿದರೂ ಮರಳದಿದ್ದರೆ ಹಾರ್ನೆಸ್ಸಿನಲ್ಲಿಯೇ ಹುಡುಕಬೇಕು. ಎಂಜಿನ್ ತನ್ನ ಮೌಂಟಿಂಗುಗಳ ಮೇಲೆ ಓಲಾಡುತ್ತದೆ, ಬಾಡಿ ಓಲಾಡುವುದಿಲ್ಲ. ಆದ್ದರಿಂದ ಹಾರ್ನೆಸ್ ಎಂಜಿನ್ನಿನಿಂದ ಬಾಡಿಗೆ ದಾಟುವ ಜಾಗ, ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿ ಮತ್ತು ಬ್ರಾಕೆಟ್ಟುಗಳ ಅಂಚುಗಳನ್ನು ಮೊದಲು ಬಿಚ್ಚಿ ನೋಡಿ. ಸವೆದ ವೈರು ಸಿಕ್ಕಿದಾಗ ಬರೀ ಟೇಪು ಸುತ್ತಿ ಮುಗಿಸಬೇಡಿ. ಎಳೆಗಳು ಕಡಿದಿದ್ದರೆ ಆ ತುಂಡನ್ನು ಕತ್ತರಿಸಿ ಅದೇ ದಪ್ಪದ ವೈರನ್ನು ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಜೋಡಿಸಿ), ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಹೊದಿಕೆ) ಹಾಕಿ. ಅನಂತರ ಹಾರ್ನೆಸ್ಸನ್ನು ಬ್ರಾಕೆಟ್ಟಿನಿಂದ ದೂರ ಸರಿಸಿ, ಎಂಜಿನ್ ಓಲಾಡುವಷ್ಟು ಸಡಿಲ ಬಿಟ್ಟು ಕ್ಲಿಪ್ ಮಾಡಿ, ಬಿಸಿ ಎಂಜಿನ್ನನ್ನು ಮತ್ತೆ ಅಲುಗಾಡಿಸಿ ಅದೇ ಪಿನ್ನಿನಲ್ಲಿ ಕನಿಷ್ಠ ವೋಲ್ಟೇಜನ್ನು ಅಳೆಯಿರಿ.